ಕಪ್ಪು ನೀರಿಗೆ ಹೆಪ್ಪು: ಕಸದ ರಾಶಿಯ ಲೀಚೇಟ್ ಮತ್ತು ಅದರ ಶುದ್ಧೀಕರಣದ ಕ್ರಮ



ದತ್ತಿ ಉಪನ್ಯಾಸಕ್ಕೆ ಕೊಂಚ ಘನವಾದ ವಿಷಯ ಆರಿಸಿಕೊಳ್ಳುವುದು ವಾಡಿಕೆ. ನಾನು ಆರಿಸಿಕೊಂಡದ್ದು ಕಸದ ರಾಶಿಯ ಬುಡದಿಂದ ಒಸರುವ ಕಪ್ಪು ನೀರು. ಆಮಂತ್ರಣ ಪತ್ರಿಕೆಯಲ್ಲಿ ಇದನ್ನು ಕಂಡು ಮೂಗು ಮುರಿದವರೂ ಇದ್ದರಂತೆ. ಹಾಗೆ ಮುರಿದೂ ಬಂದು ಕುಳಿತವರಿಗೆ ವಿಶೇಷ ವಂದನೆಗಳು.

ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಲೀಚೇಟ್ ಎಂಬ ಈ ನೀರನ್ನು ಶುದ್ಧೀಕರಿಸಲು ಇರುವ ಎಲ್ಲ ವಿಧಾನಗಳ ಪಟ್ಟಿ ಒಪ್ಪಿಸಲು ನಾನು ಬಂದಿಲ್ಲ. ಅವುಗಳಲ್ಲಿ ಒಂದನ್ನು, ರಾಸಾಯನಿಕ ಬೆರೆಸಿ ಕೊಳೆಯನ್ನು ಹೆಪ್ಪುಗಟ್ಟಿಸಿ ತಳಕ್ಕೆ ಇಳಿಸುವ ವಿಧಾನವನ್ನು, ಎತ್ತಿಕೊಂಡಿದ್ದೇನೆ. ಈ ನೀರಿನ ಸ್ವಭಾವವೇನು, ಹೆಪ್ಪು ಅದರ ಮೇಲೆ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ, ಸುಧಾರಣೆ ಎಲ್ಲಿಂದ ಬರಬೇಕು ಎಂಬುದನ್ನು ನೋಡಿ, ಕಡೆಗೆ ತಳದಲ್ಲಿ ಉಳಿಯುವ ಕೆಸರಿನ ಬಗ್ಗೆ ಮಾತಾಡುತ್ತೇನೆ. ನನ್ನ ವಾದ ಸರಳವಾದದ್ದು. ಹೊಸ ಪುಡಿ, ಹೊಸ ಪಾಲಿಮರ್, ಹೊಸ ಬೀಜದ ರಸಕ್ಕಾಗಿ ನಾವು ಪಡುತ್ತಿರುವ ಶ್ರಮದ ಕಾಲುಭಾಗವನ್ನು, ಇರುವ ಹೆಪ್ಪನ್ನು ಯಾವ ನೀರಿಗೆ ಯಾವ ಹಂತದಲ್ಲಿ ಹಾಕಬೇಕು ಎಂಬುದಕ್ಕೆ ಕೊಟ್ಟರೆ ಹೆಚ್ಚು ಫಲ ಸಿಗುತ್ತದೆ.

ಮೊದಲಿಗೆ ನೀರಿನ ಸ್ವಭಾವ. ಇಲ್ಲಿರುವ ಎಲ್ಲರೂ ಲೀಚೇಟನ್ನು ಕಂಡವರೇ. ಬೆಳಗ್ಗೆ ಕಸದ ಕಾಂಪ್ಯಾಕ್ಟರ್ ಲಾರಿ ಸಿಗ್ನಲ್ಲಿನಲ್ಲಿ ನಿಂತಾಗ ಹಿಂಬದಿಯಿಂದ ರಸ್ತೆಗೆ ತೊಟ್ಟಿಕ್ಕುವ, ಸ್ಕೂಟರಿನವರು ಉಸಿರು ಬಿಗಿಹಿಡಿದು ಬಳಸಿ ಹೋಗುವ ಹುಳಿ ವಾಸನೆಯ ನೀರು ಅದೇ. ಅದು ಎಳೆಯ ಲೀಚೇಟ್. ಅನ್ನ, ತರಕಾರಿ ಸಿಪ್ಪೆ, ಹಣ್ಣಿನ ಕಸ ಕೊಳೆಯಲು ಶುರುವಾದಾಗ ಹುಟ್ಟುವ ಅಸಿಟಿಕ್, ಬ್ಯುಟಿರಿಕ್ ಮುಂತಾದ ಆಮ್ಲಗಳು ಅದರ ತುಂಬ ಇರುತ್ತವೆ. ಪಿಎಚ್ 6.5ಕ್ಕಿಂತ ಕೆಳಗೆ. ಸಿಒಡಿ, ಅಂದರೆ ಕೊಳೆಯನ್ನು ಪೂರ್ತಿ ಸುಡಲು ಬೇಕಾಗುವ ಆಮ್ಲಜನಕದ ಲೆಕ್ಕ, ಲೀಟರಿಗೆ 10,000 ಮಿಲಿಗ್ರಾಂ ದಾಟುತ್ತದೆ. ನೋಡಲು ಭಯಂಕರ ಅಂಕಿ. ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಬ್ಯಾಕ್ಟೀರಿಯಾಗಳಿಗೆ ಸಲೀಸಾಗಿ ಜೀರ್ಣವಾಗುವ ಆಹಾರ.

ಅದೇ ಕಸ ರಾಶಿಯೊಳಗೆ ಹತ್ತು ವರ್ಷ ಹೂತು ಕುಳಿತರೆ ಕಥೆ ಬೇರೆಯಾಗುತ್ತದೆ. ಗಾಳಿಯಿಲ್ಲದ ಆ ಕತ್ತಲಲ್ಲಿ ಮೀಥೇನ್ ಹುಟ್ಟಿಸುವ ಜೀವಾಣುಗಳು ಆಮ್ಲಗಳನ್ನೆಲ್ಲ ತಿಂದು ಮುಗಿಸುತ್ತವೆ. ಪಿಎಚ್ ಏರಿ 7.5 ದಾಟುತ್ತದೆ. ಉಳಿಯುವುದು ಯಾರಿಗೂ ಬೇಡವಾದ ಹ್ಯೂಮಿಕ್ ಮತ್ತು ಫಲ್ವಿಕ್ ಆಮ್ಲಗಳು. ನೀರಿಗೆ ಕಪ್ಪುಗಂದು ಬಣ್ಣ ಕೊಡುವುದು ಇವೇ. ಜೊತೆಗೆ ಅಮೋನಿಯಾ. ಪ್ರೋಟೀನ್ ಕೊಳೆತು ಹುಟ್ಟಿದ ಅಮೋನಿಯಾಕ್ಕೆ ಆಮ್ಲಜನಕವಿಲ್ಲದ ರಾಶಿಯೊಳಗೆ ರೂಪ ಬದಲಿಸುವ ದಾರಿಯೇ ಇಲ್ಲ; ಅದು ದಶಕಗಳ ಕಾಲ ಹಾಗೇ ಇಳಿದು ಬರುತ್ತಿರುತ್ತದೆ. ಈ ಹಂತದಲ್ಲಿ ಬಿಒಡಿಯನ್ನು, ಅಂದರೆ ಬ್ಯಾಕ್ಟೀರಿಯಾಗಳು ಕೊಳೆಯನ್ನು ಜೀರ್ಣಿಸಲು ಬೇಕಾಗುವ ಆಮ್ಲಜನಕದ ಲೆಕ್ಕವನ್ನು, ಸಿಒಡಿಯಿಂದ ಭಾಗಿಸಿದರೆ ಬರುವ ಅಂಕಿ 0.1ರ ಹತ್ತಿರ ಇರುತ್ತದೆ. ಆ ಒಂದು ಭಾಗಲಬ್ಧವೇ ಲೀಚೇಟ್‌ನ ಜಾತಕ.

ಬೆಂಗಳೂರಿನ ಉತ್ತರಕ್ಕಿರುವ ಮಾವಳ್ಳಿಪುರದ ಕಸದ ತಾಣವನ್ನು ತೆಗೆದುಕೊಳ್ಳಿ. 2012ರಲ್ಲಿ ಗ್ರಾಮಸ್ಥರ ಹೋರಾಟದಿಂದ ಅದು ಮುಚ್ಚಿತು. ಅಲ್ಲಿನ ಲೀಚೇಟನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಪರೀಕ್ಷಿಸಿ ಪ್ರಕಟಿಸಿದ್ದಾರೆ. ಸಿಒಡಿ ಲೀಟರಿಗೆ ಸುಮಾರು 10,400 ಮಿಲಿಗ್ರಾಂ, ಬಿಒಡಿ 1,500ರ ಆಸುಪಾಸು, ಅಮೋನಿಯಾ 1,800ರಷ್ಟು. ಸಿಒಡಿ ಮಾತ್ರ ನೋಡಿದವರು ಇದನ್ನು ಎಳೆಯ ನೀರೆಂದು ತಿಳಿದಾರು. ಭಾಗಿಸಿ ನೋಡಿದರೆ 0.14. ಅಂದರೆ ಬ್ಯಾಕ್ಟೀರಿಯಾ ತಿನ್ನಬಹುದಾದದ್ದನ್ನು ಬಹುಪಾಲು ತಿಂದಾಗಿದೆ. ಇದರ ಪಕ್ಕದಲ್ಲಿ ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಮಿತಿಗಳನ್ನು ಇಡೋಣ. ಲೀಚೇಟನ್ನು ಶುದ್ಧೀಕರಿಸಿ ಹಳ್ಳಕ್ಕೋ ಹೊಳೆಗೋ ಬಿಡಬೇಕಾದರೆ ಲೀಟರಿಗೆ ಸಿಒಡಿ 250, ಬಿಒಡಿ 30, ಅಮೋನಿಯಾ ಸಾರಜನಕ 50, ಕ್ಲೋರೈಡ್ 1,000, ಕರಗಿದ ಒಟ್ಟು ಘನವಸ್ತು 2,100 ಮಿಲಿಗ್ರಾಂ ಮೀರಬಾರದು ಎಂದು ಆ ನಿಯಮಗಳು ವಿಧಿಸಿದ್ದವು. ಈ ಐದು ಅಂಕಿಗಳನ್ನು ದಯವಿಟ್ಟು ನೆನಪಿನಲ್ಲಿಡಿ. ಹೆಪ್ಪುಗಟ್ಟಿಸುವ ವಿಧಾನದ ಬಗ್ಗೆ ಬರೆಯುವವರು ಹೆಚ್ಚಾಗಿ ಮೊದಲನೆಯದನ್ನು ಮಾತ್ರ ನೆನೆಯುತ್ತಾರೆ.

ಕರಾವಳಿಯಲ್ಲಿ ಇದಕ್ಕೆ ಮಳೆಯ ಆಯಾಮವೂ ಸೇರುತ್ತದೆ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ನೀರು ಕುಡಿದು ಜಾರಿ ಕೆಳಗಿನ ಮಂದಾರದ ಮೇಲೆ ಇಳಿದದ್ದು ನಿಮಗೆ ನೆನಪಿರಬಹುದು. ತೋಟಗಳು ಹೂತುಹೋದವು, ಕುಟುಂಬಗಳು ಮನೆ ಬಿಟ್ಟು ಹೊರಟವು. ತುಳುವಿನಲ್ಲಿ 'ಮಂದಾರ ರಾಮಾಯಣ' ಬರೆದ ಮಂದಾರ ಕೇಶವ ಭಟ್ಟರ ಊರು ಅದು. ಕಸ ಜಾರಿದ್ದು ಕಣ್ಣಿಗೆ ಕಂಡಿತು, ಸುದ್ದಿಯಾಯಿತು. ಕಪ್ಪು ನೀರು ತೋಡುಗುಂಟ ಇಳಿದು ಫಲ್ಗುಣಿ ನದಿ ಸೇರುತ್ತಿದೆ ಎಂಬ ದೂರು ಮಾತ್ರ ವರ್ಷಗಟ್ಟಲೆ ನಡೆಯಿತು, ಹೈಕೋರ್ಟಿನ ತನಕವೂ ಹೋಯಿತು.

ಇಲ್ಲೊಂದು ಚಿಕ್ಕ ಲೆಕ್ಕ. ಒಂದು ಹೆಕ್ಟೇರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು 10,000 ಲೀಟರ್ ನೀರು. ಕರಾವಳಿಯಲ್ಲಿ ಜುಲೈ ತಿಂಗಳ ಒಂದು ದಿನ 100 ಮಿಲಿಮೀಟರ್ ಸುರಿಯುವುದು ಅಪರೂಪವೇನಲ್ಲ. ಹೊದಿಕೆಯಿಲ್ಲದ ಒಂದು ಹೆಕ್ಟೇರ್ ರಾಶಿಯ ಮೇಲೆ ಆ ದಿನ ಬೀಳುವುದು ಹತ್ತು ಲಕ್ಷ ಲೀಟರ್. ಮೂರರಲ್ಲಿ ಒಂದು ಪಾಲು ಒಳಗಿಳಿದರೂ ಮೂರು ಲಕ್ಷ ಲೀಟರಿಗೂ ಹೆಚ್ಚು. ದಿನಕ್ಕೆ ಒಂದು ಲಕ್ಷ ಲೀಟರಿನ ಘಟಕ ಕಟ್ಟಿ ಕುಳಿತವರು ಆ ದಿನ ಏನು ಮಾಡಬೇಕು? ರಾಶಿಗೆ ಮಣ್ಣೋ ಟಾರ್ಪಾಲೋ ಹೊದಿಸುವುದು, ಸುತ್ತ ಮಳೆನೀರಿಗೆ ಬೇರೆ ಚರಂಡಿ ತೆಗೆಯುವುದು ಯಾವ ಹೆಪ್ಪಿಗಿಂತಲೂ ಅಗ್ಗದ ಚಿಕಿತ್ಸೆ. ಇದು ನನ್ನ ಇವತ್ತಿನ ವಿಷಯದ ಹೊರಗಿನದು. ಆದರೂ ಹೇಳದೆ ಮುಂದೆ ಹೋದರೆ ಕೆಳಗೆ ಹೇಳುವುದಕ್ಕೆಲ್ಲ ಅರ್ಥವಿರುವುದಿಲ್ಲ.

ಈಗ ಎರಡನೆಯ ಭಾಗಕ್ಕೆ ಬರುತ್ತೇನೆ: ಹೆಪ್ಪು ಮಾಡುವುದೇನು?

ಕೆಂಪು ನೀರಿನ ಕೊಡಕ್ಕೆ ಪಟಿಕ ತಿರುವಿ ತಿಳಿ ಮಾಡುವುದು, ಮಡಕೆಯ ಒಳಮೈಗೆ ಚಿಲ್ಲದ ಬೀಜ ತೇಯ್ದು ನೀರು ತುಂಬುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ನೀರಿನಲ್ಲಿ ತೇಲುವ ಅತಿ ಸೂಕ್ಷ್ಮ ಕಣಗಳು, ವಿಜ್ಞಾನದ ಪುಸ್ತಕಗಳಲ್ಲಿ ಕಲಿಲ ಎಂದು ಕರೆಯುವಂಥವು, ಸಾಮಾನ್ಯವಾಗಿ ಋಣ ವಿದ್ಯುದಾವೇಶ ಹೊತ್ತಿರುತ್ತವೆ. ಎಲ್ಲವೂ ಒಂದೇ ಆವೇಶದವಾದ್ದರಿಂದ ಒಂದನ್ನೊಂದು ದೂಡುತ್ತವೆ. ಕೂಡುವುದಿಲ್ಲ, ಆದ್ದರಿಂದ ಇಳಿಯುವುದೂ ಇಲ್ಲ. ಧನಾವೇಶದ ಅಯಾನುಗಳನ್ನು ಸೇರಿಸಿದರೆ ಈ ದೂಡಾಟ ಅಡಗುತ್ತದೆ. ಹಾಲಿಗೆ ನಿಂಬೆ ಹಿಂಡಿದಾಗ ಒಡೆಯುವುದು ಇದೇ ತತ್ತ್ವದಿಂದ: ಹಾಲಿನ ಕೇಸೀನ್ ಕಣಗಳ ಆವೇಶವನ್ನು ಆಮ್ಲ ಕಳೆಯುತ್ತದೆ, ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಯಾವ ಅಯಾನು ಎಷ್ಟು ಪರಿಣಾಮಕಾರಿ ಎಂಬುದನ್ನು 1882ರಲ್ಲಿ ಷುಲ್ಟ್ಸ, 1900ರಲ್ಲಿ ಹಾರ್ಡಿ ಕಂಡುಕೊಂಡರು. ಅವರ ಹೆಸರಿನ ನಿಯಮವನ್ನು ಮುಂದೆ ಸಿದ್ಧಾಂತ ಗಟ್ಟಿಮಾಡಿದಾಗ, ಪರಿಣಾಮ ಆವೇಶದ ಆರನೇ ಘಾತದಷ್ಟು ಏರಬಲ್ಲದು ಎಂದು ತಿಳಿಯಿತು. ಒಂದಕ್ಕೆ ಒಂದು, ಎರಡಕ್ಕೆ 64, ಮೂರಕ್ಕೆ 729. ಉಪ್ಪಿನ ಸೋಡಿಯಂ ಒಂದು ಆವೇಶದ್ದು. ಅಲ್ಯುಮಿನಿಯಂ ಮತ್ತು ಫೆರಿಕ್ ಕಬ್ಬಿಣ ಮೂರು ಆವೇಶದವು. ಪ್ರಪಂಚದ ನೀರಿನ ಘಟಕಗಳು ಬಹುಪಾಲು ಈ ಎರಡು ಲೋಹಗಳನ್ನೇ ಹಿಡಿದುಕೊಂಡಿರುವುದಕ್ಕೆ ಇದು ಒಂದು ಕಾರಣ. ಇನ್ನೊಂದು, ಇವು ನೀರಿನೊಡನೆ ವರ್ತಿಸಿ ಹೈಡ್ರಾಕ್ಸೈಡ್ ಗರಣೆಗಳಾಗಿ ಇಳಿಯುವಾಗ ದಾರಿಯಲ್ಲಿ ಸಿಕ್ಕಿದ ಕಣಗಳನ್ನು ಗುಡಿಸಿಕೊಂಡು ಹೋಗುತ್ತವೆ.

ಲೀಚೇಟ್‌ನಲ್ಲಿ ಮುಖ್ಯವಾಗುವುದು ಮೂರನೆಯ ಕಾರಣ. ಹ್ಯೂಮಿಕ್ ಅಣುಗಳು ದೊಡ್ಡವು, ಅವುಗಳ ಮೈತುಂಬ ಕಾರ್ಬಾಕ್ಸಿಲ್ ಗುಂಪುಗಳು. ಕಬ್ಬಿಣ, ಅಲ್ಯುಮಿನಿಯಂ ಆ ಗುಂಪುಗಳಿಗೆ ನೇರವಾಗಿ ಬಂಧ ಬೆಸೆದು ಅವನ್ನು ಕರಗದಂತೆ ಮಾಡುತ್ತವೆ. ಪಿಎಚ್ ಕಡಿಮೆಯಿದ್ದಷ್ಟೂ ಹ್ಯೂಮಿಕ್ ಅಣುಗಳ ಋಣಾವೇಶ ತಗ್ಗಿರುತ್ತದೆ, ಹೆಪ್ಪು ಕಡಿಮೆ ಸಾಕು. ಅಲ್ಯುಮಿನಿಯಂ ಹೆಪ್ಪಾದ ಆಲಂಗೆ ಪಿಎಚ್ 5ರಿಂದ 6, ಕಬ್ಬಿಣದ ಹೆಪ್ಪಾದ ಫೆರಿಕ್‌ಗೆ 4ರಿಂದ 5.5 ಹಿತವಾದ ವಲಯ. 1997ರಲ್ಲಿ ಫ್ರಾನ್ಸಿನ ಅಮೋಕ್ರಾನ್ ಮತ್ತು ಸಂಗಡಿಗರು ಹಳೆಯ ಲೀಚೇಟ್ ಮೇಲೆ ಎರಡನ್ನೂ ಸಮ ಮೋಲ್ ಪ್ರಮಾಣದಲ್ಲಿ ಹೋಲಿಸಿದಾಗ ಫೆರಿಕ್ ಕ್ಲೋರೈಡ್ ಸಿಒಡಿಯ ಶೇ 55ರಷ್ಟನ್ನು, ಆಲಂ ಶೇ 42ರಷ್ಟನ್ನು ತೆಗೆಯಿತು. ನಮ್ಮ ಕರಾವಳಿಯಂತೆ ಹೆಚ್ಚು ಮಳೆ ಬೀಳುವ ಮಲೇಷ್ಯಾದ ಪಿನಾಂಗ್ ರಾಜ್ಯದಲ್ಲಿ ಪುಲಾವ್ ಬುರುಂಗ್ ಎಂಬ ಕಸದ ತಾಣವಿದೆ. ಅಲ್ಲಿನ ಲೀಚೇಟ್‌ಗೆ ಪಿಎಚ್ 4ರಲ್ಲಿ ಲೀಟರಿಗೆ 800 ಮಿಲಿಗ್ರಾಂ ಫೆರಿಕ್ ಕ್ಲೋರೈಡ್ ಹಾಕಿದಾಗ ಬಣ್ಣದ ಶೇ 90ಕ್ಕೂ ಹೆಚ್ಚು ಭಾಗ ಹೋಯಿತೆಂದು 2007ರಲ್ಲಿ ಅಲ್ಲಿನ ಸಂಶೋಧಕರು ವರದಿ ಮಾಡಿದರು.

ಎಳೆಯ ಲೀಚೇಟ್‌ನಲ್ಲಿ ಇದೇ ಹೆಪ್ಪು ಸಿಒಡಿಯ ಶೇ 10ರಿಂದ 25ರಷ್ಟನ್ನು ತೆಗೆದರೆ ದೊಡ್ಡದು. ಅಸಿಟಿಕ್ ಆಮ್ಲದಂಥ ಚಿಕ್ಕ ಅಣುಗಳು ಕಬ್ಬಿಣಕ್ಕೆ ಅಂಟುವುದಿಲ್ಲ, ಗರಣೆಗೆ ಸಿಗುವುದಿಲ್ಲ. ಬ್ಯಾಕ್ಟೀರಿಯಾ ಪುಕ್ಕಟೆಯಾಗಿ ತಿನ್ನಬಲ್ಲದ್ದನ್ನು ದುಡ್ಡು ಕೊಟ್ಟು ಹೆಪ್ಪುಗಟ್ಟಿಸಲು ಹೊರಟು ಅದರಲ್ಲೂ ಸೋಲುವ ಘಟಕಗಳು ಇವೆ.

ಇಲ್ಲಿಂದ ಮೂರನೆಯ ಭಾಗ: ಹೆಪ್ಪು ಸೋಲುವುದೆಲ್ಲಿ? ಇದರಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಪ್ರಯೋಗಶಾಲೆಯಲ್ಲಿ ಹೆಪ್ಪಿನ ಪ್ರಮಾಣ ಗೊತ್ತುಮಾಡುವುದು ಜಾರ್ ಟೆಸ್ಟಿನಿಂದ. ವಿದ್ಯಾರ್ಥಿಗಳಿಗೆ ಗೊತ್ತಿರುವುದೇ. ಸಾಲಾಗಿ ಆರು ಬೀಕರ್, ಪ್ರತಿಯೊಂದರಲ್ಲೂ ತಿರುಗುವ ಪಟ್ಟಿ. ಹೆಪ್ಪು ಹಾಕಿ ಒಂದೆರಡು ನಿಮಿಷ ಜೋರಾಗಿ ಕಲಕಿ, ಆಮೇಲೆ ಕಾಲು ಗಂಟೆ ನಿಧಾನಕ್ಕೆ, ಆಮೇಲೆ ಅರ್ಧ ಗಂಟೆ ಸುಮ್ಮನೆ ಬಿಡುವುದು. ಕುಡಿಯುವ ನೀರಿನಲ್ಲಿ ಇದು ಕಣ್ಣಿಗೆ ಹಬ್ಬ. ಲೀಚೇಟ್‌ನಲ್ಲಿ ಮಾಡಿ ನೋಡಿ. ಮೊದಲ ನಿಮಿಷಗಳಲ್ಲಿ ಏನೂ ಕಾಣುವುದಿಲ್ಲ. ಕಪ್ಪು ನೀರಿನಲ್ಲಿ ಕಪ್ಪು ಗರಣೆ. ಬೀಕರಿನ ಹಿಂದೆ ಟಾರ್ಚ್ ಹಿಡಿದರೆ ಅಂಚಿನಲ್ಲಿ ಕಣಗಳು ಸರಿದಾಡುವುದು ಕಾಣುತ್ತದೆ. ಅರ್ಧ ಗಂಟೆಯಾದ ಮೇಲೆ ಸರಿಯಾದ ಪ್ರಮಾಣದ ಬೀಕರಿನಲ್ಲಿ ಮೇಲ್ಭಾಗ ತೆಳು ಹಳದಿಗೆ ತಿರುಗಿ, ಕೆಳಗಿನ ಮೂರನೇ ಒಂದು ಭಾಗ ಕೆಸರಾಗಿ ನಿಲ್ಲುತ್ತದೆ. ಹೆಪ್ಪು ಮಿತಿಮೀರಿದ ಬೀಕರಿನಲ್ಲಿ ಬಣ್ಣ ಮತ್ತೆ ಗಾಢವಾಗುತ್ತದೆ. ಕಣಗಳ ಆವೇಶ ಋಣದಿಂದ ಸೊನ್ನೆ ದಾಟಿ ಧನಕ್ಕೆ ತಿರುಗಿ ಮತ್ತೆ ದೂಡಾಟ ಶುರುವಾಗಿರುತ್ತದೆ, ಮಿಕ್ಕ ಕಬ್ಬಿಣ ತುಕ್ಕಿನ ಬಣ್ಣ ಕೊಡುತ್ತಿರುತ್ತದೆ.

ಅದಕ್ಕೂ ಮುಂಚೆ ಒಂದು ರಂಪವಿದೆ, ನೊರೆ. ಹಳೆಯ ಲೀಚೇಟ್‌ನ ಕ್ಷಾರೀಯತೆ ಲೀಟರಿಗೆ 5,000 ಮಿಲಿಗ್ರಾಂ ಇರುವುದು ಸಾಮಾನ್ಯ. ಬಹುಪಾಲು ಬೈಕಾರ್ಬೊನೇಟ್. ಪಿಎಚ್ 5ಕ್ಕೆ ಇಳಿಸಲು ಸಲ್ಫ್ಯೂರಿಕ್ ಆಮ್ಲ ಸುರಿದರೆ ಒಂದು ಲೀಟರ್ ಲೀಚೇಟ್‌ನಿಂದ ಎರಡು ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಒಂದಷ್ಟು ನೀರಿನಲ್ಲೇ ಕರಗಿದರೂ ಮಿಕ್ಕದ್ದು ನೊರೆಯಾಗಿ ಉಕ್ಕುತ್ತದೆ. ಬೀಕರಿನಲ್ಲಾದರೆ ಟೇಬಲ್ ಒರೆಸಿದರೆ ಆಯಿತು. ಘಟಕದ ಟ್ಯಾಂಕಿನಲ್ಲಿ ಕಂದು ನೊರೆ ಕೈಹಿಡಿ ಕಂಬಿ ದಾಟಿ ನಡೆದಾಡುವ ಜಾಗಕ್ಕೆ ಬರುತ್ತದೆ; ಮೇಲೆದ್ದ ಗುಳ್ಳೆಗಳು ಗರಣೆಯನ್ನು ತಳಕ್ಕೆ ಬಿಡದೆ ಮೇಲಕ್ಕೆ ಹೊತ್ತು ತರುತ್ತವೆ. ಆಮ್ಲದ ಲೆಕ್ಕ ಹಾಕಿ: ಸಾವಿರ ಲೀಟರಿಗೆ ಹತ್ತಿರ ಹತ್ತಿರ 5 ಕಿಲೋ. ದಿನಕ್ಕೆ ಒಂದು ಲಕ್ಷ ಲೀಟರಿಗೆ ಅರ್ಧ ಟನ್ನಿನಷ್ಟು. ಆ ಸಲ್ಫೇಟ್ ಎಲ್ಲ ನೀರಿನಲ್ಲೇ ಉಳಿಯುತ್ತದೆ. ಕರಗಿದ ಘನವಸ್ತುವಿನ ಮಿತಿ 2,100 ಎಂದು ಆಗಲೇ ಹೇಳಿದ್ದೆ. ಆಮ್ಲವೊಂದೇ ಅದರ ಎರಡರಷ್ಟಕ್ಕೂ ಹೆಚ್ಚನ್ನು ತಂದು ಹಾಕುತ್ತದೆ.

ಇನ್ನು ಹೆಪ್ಪಿನ ಸರದಿ. ಫೆರಿಕ್ ಕ್ಲೋರೈಡಿನ ತೂಕದಲ್ಲಿ ಮೂರನೇ ಎರಡು ಭಾಗ ಕ್ಲೋರೈಡ್. ಲೀಟರಿಗೆ 2 ಗ್ರಾಂ ಹಾಕಿದರೆ 1,300 ಮಿಲಿಗ್ರಾಂ ಕ್ಲೋರೈಡ್ ಸೇರಿತು. ಮಿತಿ 1,000. ಅಂದರೆ ಲೀಚೇಟ್‌ನಲ್ಲಿ ಮೊದಲು ಕ್ಲೋರೈಡೇ ಇರಲಿಲ್ಲ ಎಂದುಕೊಂಡರೂ ನಮ್ಮ ಔಷಧಿಯೇ ಮಿತಿ ಮೀರಿಸಿತು. ಸಿಒಡಿ ಶೇಕಡಾ ಎಷ್ಟು ಇಳಿಯಿತೆಂಬ ನಕ್ಷೆಗಳಿರುವ ಪ್ರಬಂಧಗಳಲ್ಲಿ ಈ ಸಾಲು ಕಾಣುವುದು ಕಡಿಮೆ. ನಾನು ಪ್ರಬಂಧ ಪರೀಕ್ಷಕನಾಗಿ ಕುಳಿತಾಗ ಕೇಳುವ ಮೊದಲ ಪ್ರಶ್ನೆ ಅದೇ ಆದ್ದರಿಂದ ಕೆಲವು ವಿದ್ಯಾರ್ಥಿಗಳಿಗೆ ನನ್ನ ಮೇಲೆ ಸಿಟ್ಟಿದೆ.

ಕೊನೆಯದಾಗಿ ಅಮೋನಿಯಾ. ಹೆಪ್ಪು ಅದನ್ನು ಮುಟ್ಟುವುದೇ ಇಲ್ಲ. ಅಮೋನಿಯಂ ತಾನೇ ಧನಾವೇಶದ ಚಿಕ್ಕ ಅಯಾನು; ಗರಣೆಗೂ ಅದಕ್ಕೂ ಸಂಬಂಧವಿಲ್ಲ. ತಿಳಿಯಾದ ಹಳದಿ ನೀರನ್ನು ಗಾಜಿನ ಬಾಟಲಿಯಲ್ಲಿ ತುಂಬಿ ಅತಿಥಿಗಳಿಗೆ ತೋರಿಸುವ ಘಟಕಗಳಿವೆ. ಆ ಬಾಟಲಿಯಲ್ಲಿ ಲೀಟರಿಗೆ ಸಾವಿರ ಮಿಲಿಗ್ರಾಂ ಅಮೋನಿಯಾ ಹಾಗೇ ಇರಬಹುದು. ಅದನ್ನು ಹಳ್ಳಕ್ಕೆ ಬಿಟ್ಟರೆ ಮೀನು ಸಾಯುವುದು ಕಪ್ಪು ನೀರಿನಲ್ಲಿ ಸತ್ತಷ್ಟೇ ಬೇಗ.

ಹಾಗಾದರೆ ಸುಧಾರಣೆ ಎಲ್ಲಿ? ಕ್ರಮವನ್ನು ತಿರುವಿ ಹಾಕುವುದರಲ್ಲಿ. ಪಠ್ಯಪುಸ್ತಕದ ಹಳೆಯ ವಿನ್ಯಾಸದಲ್ಲಿ ಹೆಪ್ಪು ಮೊದಲು, ಜೈವಿಕ ಹಂತ ಆಮೇಲೆ. ಲೋಹಗಳಿಂದ ಬ್ಯಾಕ್ಟೀರಿಯಾಗಳನ್ನು ಕಾಪಾಡಬೇಕು ಎಂಬುದು ಅದರ ಹಿಂದಿನ ಯೋಚನೆ. ಕಾರ್ಖಾನೆ ಕಸ ಬೆರೆಯದ ಊರಿನ ಹಳೆಯ ರಾಶಿಯಲ್ಲಿ ಲೋಹಗಳ ಬಹುಪಾಲು ಸಲ್ಫೈಡ್ ಆಗಿ ರಾಶಿಯಲ್ಲೇ ಕುಳಿತಿರುತ್ತದೆ. ನೀರಿನಲ್ಲಿ ಇಳಿದು ಬರುವುದು ಕಡಿಮೆ. ಆ ಭಯವನ್ನು ಪರೀಕ್ಷೆ ಮಾಡಿ ಕಳೆದುಕೊಂಡರೆ ಜೈವಿಕ ಹಂತವನ್ನು ಮೊದಲಿಗೆ ತರಬಹುದು. ತಂದಾಗ ಏನಾಗುತ್ತದೆ ನೋಡಿ.

ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಪ್ರತಿ ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ 7.14 ಮಿಲಿಗ್ರಾಂ ಕ್ಷಾರೀಯತೆಯನ್ನು ತಿನ್ನುತ್ತವೆ. 700 ಮಿಲಿಗ್ರಾಂ ಅಮೋನಿಯಾ ನೈಟ್ರೇಟ್ ಆದರೆ 5,000 ಮಿಲಿಗ್ರಾಂ ಕ್ಷಾರೀಯತೆ ಖರ್ಚು. ನಾವು ಅರ್ಧ ಟನ್ ಆಮ್ಲ ಸುರಿದು ನೊರೆ ಎಬ್ಬಿಸಿ ಮಾಡುತ್ತಿದ್ದ ಕೆಲಸವನ್ನು ಬ್ಯಾಕ್ಟೀರಿಯಾಗಳು ಸದ್ದಿಲ್ಲದೆ ಮಾಡಿದವು, ಅಮೋನಿಯಾವನ್ನೂ ಕಳೆದವು. ಹುಟ್ಟಿದ ಇಂಗಾಲದ ಡೈಆಕ್ಸೈಡನ್ನು ಏರೇಟರ್ ಗಂಟೆಗಟ್ಟಲೆ ಗಾಳಿಗೆ ಬಿಟ್ಟುಬಿಟ್ಟಿತು. ಜೊತೆಗೆ, ತಿನ್ನಬಹುದಾದ ಚಿಕ್ಕ ಅಣುಗಳೂ ಹೋದವು. ಈಗ ಹೆಪ್ಪಿನ ಮುಂದೆ ಬರುವ ನೀರಿನಲ್ಲಿ ಉಳಿದದ್ದು ಹ್ಯೂಮಿಕ್, ಅಂದರೆ ಹೆಪ್ಪಿಗೆ ಚೆನ್ನಾಗಿ ಸಿಗುವಂಥದ್ದೇ. ಪಿಎಚ್ ಆಗಲೇ ಇಳಿದಿದೆ. ಫೆರಿಕ್ ಕ್ಲೋರೈಡ್ ಸ್ವತಃ ಆಮ್ಲಗುಣದ್ದು. ಒಂದು ಮಿಲಿಗ್ರಾಂ ಸುಮಾರು 0.9 ಮಿಲಿಗ್ರಾಂ ಕ್ಷಾರೀಯತೆಯನ್ನು ತಾನೇ ತೆಗೆಯುತ್ತದೆ. ಬೇರೆ ಆಮ್ಲವೇ ಬೇಡವಾಗಬಹುದು, ಬೇಕಾದರೂ ಅಲ್ಪಸ್ವಲ್ಪ.

ಎಂಜಿನಿಯರ್ ಮಿತ್ರರು ತಕ್ಷಣ ಕೇಳುತ್ತಾರೆ: 1,800 ಅಮೋನಿಯಾ ಇದ್ದರೆ ಕ್ಷಾರೀಯತೆ ಸಾಕಾಗುತ್ತದೆಯೇ? ಸಾಕಾಗುವುದಿಲ್ಲ. ಅರ್ಧ ದಾರಿಯಲ್ಲಿ ಪಿಎಚ್ ಕುಸಿದು ಬ್ಯಾಕ್ಟೀರಿಯಾಗಳು ಕೆಲಸ ನಿಲ್ಲಿಸುತ್ತವೆ. ಆದ್ದರಿಂದ ನೈಟ್ರೇಟನ್ನು ಗಾಳಿಯಿಲ್ಲದ ಟ್ಯಾಂಕಿಗೆ ಮರಳಿಸಿ ಸಾರಜನಕ ಅನಿಲವಾಗಿ ಹೊರಬಿಡುವ ಹಂತವನ್ನೂ ಕೂಡಿಸಬೇಕು; ತಿಂದ ಕ್ಷಾರೀಯತೆಯ ಅರ್ಧ ಅಲ್ಲಿ ವಾಪಸು ಬರುತ್ತದೆ. ಆ ಹಂತದ ಬ್ಯಾಕ್ಟೀರಿಯಾಗಳಿಗೆ ತಿನ್ನಲು ಸಾವಯವ ಆಹಾರ ಬೇಕು. ಹಳೆಯ ಲೀಚೇಟ್‌ನಲ್ಲಿ ಅದಿಲ್ಲ. ಬೇರೆಡೆ ಇದಕ್ಕೆ ಮೆಥನಾಲ್ ಕೊಂಡು ಹಾಕುತ್ತಾರೆ. ನಮ್ಮಲ್ಲಿ ಕಾಂಪ್ಯಾಕ್ಟರ್ ಲಾರಿಗಳು ರಸ್ತೆಗೆ ಚೆಲ್ಲುತ್ತಿರುವ ಹುಳಿ ನೀರು ಇದೆಯಲ್ಲ, ಆ ಬ್ಯಾಕ್ಟೀರಿಯಾಗಳಿಗೆ ಅದು ಮೆಥನಾಲಿಗಿಂತ ಕಡಿಮೆಯ ಊಟವೇನಲ್ಲ. ಲಾರಿಯ ತಳದ ಟ್ಯಾಂಕಿನಲ್ಲಿ ಹಿಡಿದು ಘಟಕಕ್ಕೆ ತಂದು ಹಳೆಯ ನೀರಿನೊಡನೆ ಅಳೆದು ಬೆರೆಸಿದರೆ ರಸ್ತೆಯೂ ಉಳಿಯಿತು. ಯುರೋಪಿನವರಿಗೆ ಚಳಿಗಾಲದಲ್ಲಿ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಮಂಕಾಗುವ ಚಿಂತೆ. ನಮ್ಮ ಊರುಗಳ 25–30 ಡಿಗ್ರಿ ಸೆಖೆ ಅವಕ್ಕೆ ಹಿತ. ನಮಗಿರುವ ಈ ಅನುಕೂಲವನ್ನು ನಾವು ವಿನ್ಯಾಸದಲ್ಲಿ ಬಳಸಿಕೊಂಡದ್ದು ಕಡಿಮೆ.

ಎರಡನೆಯ ಸುಧಾರಣೆ ಪ್ರಮಾಣದ್ದು. ಬಹಳ ಕಡೆ ಡೋಸಿಂಗ್ ಪಂಪನ್ನು ನೀರಿನ ಹರಿವಿಗೆ ಜೋಡಿಸಿರುತ್ತಾರೆ, ಅದೂ ಮಾರ್ಚ್ ತಿಂಗಳಲ್ಲಿ ಮಾಡಿದ ಜಾರ್ ಟೆಸ್ಟಿನ ಆಧಾರದ ಮೇಲೆ. ಮಳೆಗಾಲದಲ್ಲಿ ಹರಿವು ನಾಲ್ಕು ಪಟ್ಟಾಗುತ್ತದೆ, ನೀರು ತೆಳುವಾಗುತ್ತದೆ, ಹೆಪ್ಪು ಮಾತ್ರ ನಾಲ್ಕು ಪಟ್ಟು ಬೀಳುತ್ತದೆ. ಫಲ, ಆಗಲೇ ಹೇಳಿದ ಮಿತಿಮೀರಿದ ಬೀಕರಿನ ಸ್ಥಿತಿ. ಪ್ರಮಾಣವನ್ನು ಜೋಡಿಸಬೇಕಾದದ್ದು ಹರಿವಿಗಲ್ಲ, ಹ್ಯೂಮಿಕ್ ಎಷ್ಟಿದೆ ಎಂಬುದಕ್ಕೆ. 254 ನ್ಯಾನೋಮೀಟರ್ ತರಂಗದ ಅತಿನೇರಳೆ ಬೆಳಕನ್ನು ನೀರು ಎಷ್ಟು ಹೀರುತ್ತದೆ ಎಂದು ಅಳೆದರೆ ಹ್ಯೂಮಿಕ್‌ನ ಅಂದಾಜು ಸಿಗುತ್ತದೆ. ಆ ಅಂಕಿಯನ್ನು ಕರಗಿದ ಸಾವಯವ ಇಂಗಾಲದ ಅಂಕಿಗೆ ಹೋಲಿಸಿ, ಈ ನೀರು ಹೆಪ್ಪಿಗೆ ಬಗ್ಗುತ್ತದೆಯೋ ಇಲ್ಲವೋ ಎಂದು ಮೊದಲೇ ಹೇಳುವ ಪದ್ಧತಿ ಕುಡಿಯುವ ನೀರಿನ ಕ್ಷೇತ್ರದಲ್ಲಿ ದಶಕಗಳಿಂದ ಇದೆ. ಲೀಚೇಟ್ ಗಾಢವಾದ್ದರಿಂದ ಅಳೆಯುವ ಮುನ್ನ ಸೋಸಿ, ನೂರು ಪಟ್ಟು ತೆಳು ಮಾಡಿಕೊಳ್ಳಬೇಕು, ಅಷ್ಟೇ. ಕಾಲೇಜಿನ ಯಾವ ಪ್ರಯೋಗಶಾಲೆಯಲ್ಲೂ ಸಿಗುವ ಉಪಕರಣ, ಹತ್ತು ನಿಮಿಷದ ಕೆಲಸ.

ಹೆಪ್ಪುಗಳ ಆಯ್ಕೆಯ ಬಗ್ಗೆ ಬೇಗನೆ ಹೇಳಿ ಮುಗಿಸುತ್ತೇನೆ. ಪಾಲಿ ಅಲ್ಯುಮಿನಿಯಂ ಕ್ಲೋರೈಡನ್ನು ನೀರಿನ ಘಟಕಗಳು ಮೆಚ್ಚುವುದು ಅದು ಕ್ಷಾರೀಯತೆಯನ್ನು ಕಡಿಮೆ ತಿನ್ನುತ್ತದೆಂದು. ಲೀಚೇಟ್‌ನಲ್ಲಿ ಆ ಗುಣ ಲಾಭವಲ್ಲ. ಇಲ್ಲಿ ಕ್ಷಾರೀಯತೆ ತಿನ್ನುವ ಹೆಪ್ಪೇ ಬೇಕು. ಕಬ್ಬಿಣದ ತಗಡುಗಳಿಗೆ ವಿದ್ಯುತ್ ಹಾಯಿಸಿ ಅಲ್ಲೇ ಕಬ್ಬಿಣ ಬಿಡುವ ಎಲೆಕ್ಟ್ರೋಕೋಯಾಗ್ಯುಲೇಷನ್ ವಿಧಾನದಲ್ಲಿ ಹೊಸ ಕ್ಲೋರೈಡ್ ಸೇರುವುದಿಲ್ಲ, ಲೀಚೇಟ್‌ನ ಉಪ್ಪೇ ವಿದ್ಯುತ್ ವಾಹಕ. ಅದು ಆಕರ್ಷಕ. ತಗಡಿನ ಮೇಲೆ ಪದರ ಕಟ್ಟಿ ಕೆಲಸ ನಿಲ್ಲುವುದು, ತಗಡು ಸವೆದು ಬದಲಿಸಬೇಕಾದದ್ದು, ಕರೆಂಟಿನ ಬಿಲ್ಲು ಅದರ ಕಷ್ಟಗಳು. ನುಗ್ಗೆ ಬೀಜದ ಬಗ್ಗೆ ನಮ್ಮಲ್ಲಿ ವರ್ಷ ವರ್ಷವೂ ಪ್ರಾಜೆಕ್ಟ್‌ಗಳು ಆಗುತ್ತವೆ. ಅದರ ಧನಾವೇಶದ ಪ್ರೋಟೀನ್ ಕೆಂಪು ಹೊಳೆ ನೀರನ್ನು ಚೆನ್ನಾಗಿ ತಿಳಿಮಾಡುತ್ತದೆ, ಅದರಲ್ಲಿ ಸಂಶಯವಿಲ್ಲ. ಲೀಚೇಟ್‌ಗೆ ಮಾತ್ರ ಬೀಜದ ಪುಡಿ ಹಾಕಿದರೆ ಪುಡಿಯ ಎಣ್ಣೆ, ಸಕ್ಕರೆ, ಪ್ರೋಟೀನ್ ಎಲ್ಲ ಸೇರಿ ಸಿಒಡಿ ಏರುತ್ತದೆ. ದೇಸಿ ಎಂಬ ಅಭಿಮಾನಕ್ಕೆ ಈ ಜಾಗ ತಕ್ಕದ್ದಲ್ಲ. ಅದಕ್ಕಿಂತ ಯೋಗ್ಯವಾದ ದೇಸಿ ಸಾಮಗ್ರಿ ಕುಡಿಯುವ ನೀರಿನ ಘಟಕಗಳು ಹೊರಹಾಕುವ ಆಲಂ ಕೆಸರು. ಅದರಲ್ಲಿ ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಇನ್ನೂ ಉಳಿದಿರುತ್ತದೆ. ಪಿಎಚ್ ಇಳಿದ ಲೀಚೇಟ್‌ಗೆ ಬೆರೆಸಿದರೆ ಒಂದು ಪಾಲು ಹೊಸ ಹೆಪ್ಪಿನ ಕೆಲಸ ಅದೇ ಮಾಡುತ್ತದೆ ಎಂಬುದನ್ನು ಹಲವು ಪ್ರಯೋಗಗಳು ತೋರಿಸಿವೆ.

ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಈಗ ಪೊರೆಗಳ ಮೂಲಕ ಒತ್ತಿ ಶುದ್ಧೀಕರಿಸುವ ರಿವರ್ಸ್ ಆಸ್ಮಾಸಿಸ್ ಬಂದಿದೆಯಲ್ಲ, ಹೆಪ್ಪು ಯಾಕೆ ಎನ್ನುತ್ತಾರೆ. ಕ್ಲೋರೈಡ್ ಮತ್ತು ಕರಗಿದ ಘನವಸ್ತುವಿನ ಮಿತಿ ಮುಟ್ಟಲು ಪೊರೆಯೇ ಬೇಕು, ಒಪ್ಪುತ್ತೇನೆ. ಆದರೆ ಪೊರೆ ಕೊಳೆಯನ್ನು ನಾಶ ಮಾಡುವುದಿಲ್ಲ, ಒಂದು ಬದಿಗೆ ಒತ್ತರಿಸುತ್ತದೆ. ಆ ಗಾಢ ದ್ರಾವಣವನ್ನು ಎಷ್ಟೋ ಕಡೆ ರಾಶಿಯ ಮೇಲೇ ಸುರಿಯುತ್ತಾರೆ. ಅಮೋನಿಯಾ, ಉಪ್ಪು ಸುತ್ತಿ ಸುತ್ತಿ ಮತ್ತಷ್ಟು ಗಾಢವಾಗಿ ಹಿಂದಿರುಗುತ್ತವೆ. ಹ್ಯೂಮಿಕ್‌ಗಳು ಪೊರೆಯನ್ನು ಕಟ್ಟಿಸುವುದರಲ್ಲಿ ಮುಂದು. ಫ್ರಾನ್ಸಿನ ಆ 1997ರ ಅಧ್ಯಯನವೂ ನಡೆದದ್ದು ಪೊರೆಗೆ ಮುಂಚಿನ ಪೂರ್ವಸಿದ್ಧತೆಯಾಗಿ ಹೆಪ್ಪನ್ನು ಬಳಸುವುದಕ್ಕೇ.

ಇನ್ನು ಕಡೆಯ ಭಾಗ, ಕೆಸರು. ಹೆಪ್ಪಿನ ಸಭೆಗಳಲ್ಲಿ ಊಟದ ಹೊತ್ತಿಗೆ ಬರುವ ವಿಷಯವಾದ್ದರಿಂದ ಸಾಮಾನ್ಯವಾಗಿ ಇದಕ್ಕೆ ಸಮಯ ಉಳಿಯುವುದಿಲ್ಲ.

ಒಂದು ಲಕ್ಷ ಲೀಟರ್ ಲೀಚೇಟ್‌ಗೆ ಲೀಟರಿಗೆ 2 ಗ್ರಾಂನಂತೆ 200 ಕಿಲೋ ಫೆರಿಕ್ ಕ್ಲೋರೈಡ್ ಹಾಕಿದಿರಿ ಅನ್ನಿ. ಅದರಿಂದ ಹುಟ್ಟುವ ಕಬ್ಬಿಣದ ಹೈಡ್ರಾಕ್ಸೈಡ್ ಒಣ ತೂಕದಲ್ಲಿ ಸುಮಾರು 130 ಕಿಲೋ. ಹಿಡಿದ ಹ್ಯೂಮಿಕ್ ಅದರ ಮೇಲೆ. ಕೆಸರಿನಲ್ಲಿ ಘನ ಭಾಗ ನೂರಕ್ಕೆ ಎರಡು ಎಂದರೆ ಹೈಡ್ರಾಕ್ಸೈಡಿನದೇ ದಿನಕ್ಕೆ ಆರೂವರೆ ಸಾವಿರ ಲೀಟರ್ ಕೆಸರು. ಒಣಗಿಸುವ ಹಾಸುಗಳನ್ನು ನಕ್ಷೆಯಲ್ಲಿ ಬರೆಯುವುದು ಸುಲಭ. ಜೂನ್‌ನಿಂದ ಸೆಪ್ಟೆಂಬರ್ ತನಕ ಕರಾವಳಿಯಲ್ಲಿ ಹೊರಗೆ ಒಗೆದ ಬಟ್ಟೆ ಒಣಗುವುದಿಲ್ಲ, ಕೆಸರು ಒಣಗುತ್ತದೆಯೇ? ಅಲ್ಲಿ ಫಿಲ್ಟರ್ ಪ್ರೆಸ್ ಇಲ್ಲದೆ ಹೆಪ್ಪಿನ ಘಟಕ ಕಟ್ಟಬಾರದು ಎಂದೇ ನನ್ನ ಅಭಿಪ್ರಾಯ.

ಹಿಂಡಿದ ಕೆಸರಿನ ಬಿಲ್ಲೆಯನ್ನು ಎಲ್ಲಿಗೆ ಒಯ್ಯುತ್ತಾರೆ? ಹೆಚ್ಚಾಗಿ ಅದೇ ರಾಶಿಯ ಮೇಲಕ್ಕೆ. ಇಲ್ಲಿ ಕಬ್ಬಿಣಕ್ಕೂ ಅಲ್ಯುಮಿನಿಯಂಗೂ ನಡುವಿನ ಆಯ್ಕೆ ತಿರುಗುಮುರುಗಾಗುತ್ತದೆ. ಗಾಳಿಯಿಲ್ಲದ ರಾಶಿಯೊಳಗೆ ಫೆರಿಕ್ ಕಬ್ಬಿಣವನ್ನು ಬ್ಯಾಕ್ಟೀರಿಯಾಗಳು ಫೆರಸ್ ಆಗಿ ಅಪಕರ್ಷಿಸುತ್ತವೆ. ಫೆರಸ್ ನೀರಿನಲ್ಲಿ ಕರಗುತ್ತದೆ. ಅದು ಹಿಡಿದಿಟ್ಟಿದ್ದ ಹ್ಯೂಮಿಕ್‌ನ ಒಂದು ಪಾಲು ಬಿಡುಗಡೆಯಾಗಿ ಮತ್ತೆ ಲೀಚೇಟ್ ಸೇರುತ್ತದೆ. ಅಲ್ಯುಮಿನಿಯಂಗೆ ಹಾಗೆ ರೂಪ ಬದಲಿಸುವ ಚಾಳಿಯಿಲ್ಲ. ಬೀಕರಿನಲ್ಲಿ ಶೇ 55ಕ್ಕೆ 42ರಿಂದ ಸೋತ ಆಲಂ, ಕೆಸರು ರಾಶಿಗೇ ಮರಳುವ ಊರಿನಲ್ಲಿ ಗೆಲ್ಲಬಹುದು. ಕೆಸರನ್ನು ಇಟ್ಟಿಗೆ ಗೂಡಿಗೋ ಸಿಮೆಂಟ್ ಕಾರ್ಖಾನೆಗೋ ಕಳಿಸಬಲ್ಲ ಊರಿನಲ್ಲಿ ಕಬ್ಬಿಣವೇ ಸರಿ. ಟೆಂಡರ್ ಕಾಗದದಲ್ಲಿ ಹೆಪ್ಪಿನ ಹೆಸರು ಬರೆಯುವ ಮುನ್ನ ಕೆಸರು ಹೋಗುವ ವಿಳಾಸ ಬರೆದಿರಬೇಕು; ಸಭೆಯಲ್ಲಿರುವ ಪಾಲಿಕೆಯ ಎಂಜಿನಿಯರ್‌ಗಳಲ್ಲಿ ನನ್ನ ಕೋರಿಕೆ ಇಷ್ಟೇ. ಅದರ ಜೊತೆಗೆ ತಿಂಗಳಿಗೊಮ್ಮೆಯಾದರೂ ಬಿಒಡಿ–ಸಿಒಡಿ ಭಾಗಲಬ್ಧ, ಕ್ಷಾರೀಯತೆ, 254ರ ಅಂಕಿ, ಹಾಕಿದ ಹೆಪ್ಪು, ಬಂದ ಕೆಸರಿನ ತೂಕ, ಈ ಐದನ್ನು ಒಂದೇ ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ಮಳೆಗಾಲಕ್ಕೆ ಪ್ರಮಾಣ ಗೊತ್ತುಮಾಡಲು ಯಾವ ಸಲಹೆಗಾರರೂ ಬೇಕಾಗುವುದಿಲ್ಲ.

ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಪ್ರಾಜೆಕ್ಟ್ ವಿಷಯ ಬೇಕಿದ್ದರೆ, ನೈಟ್ರೇಟ್ ಹಂತ ದಾಟಿ ಬಂದ ಲೀಚೇಟ್‌ನಲ್ಲಿ ಆಲಂ ಕೆಸರಿನ ಮರುಬಳಕೆ ಎಷ್ಟು ಹೊಸ ಹೆಪ್ಪನ್ನು ಉಳಿಸುತ್ತದೆ ಎಂಬುದನ್ನು ಮಳೆಗಾಲ ಮತ್ತು ಬೇಸಿಗೆ ಎರಡರಲ್ಲೂ ಅಳೆಯಿರಿ. ಕ್ಲೋರೈಡನ್ನೂ ಅಳೆಯಿರಿ, ಪರೀಕ್ಷಕರು ಯಾರು ಬರುತ್ತಾರೋ ಹೇಳಲಾಗದು.